ಕಾಲು ಕಳೆದುಕೊಂಡ ಸೈನಿಕರ ಓಡಾಟದ ಸಾಮರ್ಥ್ಯ ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಗನೋ ಗಂಡನೋ ಸೇನೆಯಲ್ಲಿದ್ದು ಕಾಲು ಕಳೆದುಕೊಂಡಾಗ ಮನೆಯವರು ಮೊದಲು ಕೇಳುವುದು, 'ಮತ್ತೆ ನಡೀತಾರಾ?' ಎಂದು. ನಡೆಯಲು ಶುರುವಾದ ಮೇಲೆ ಬೇರೆ ಪ್ರಶ್ನೆಗಳು ಏಳುತ್ತವೆ. ಫಿಸಿಯೊಥೆರಪಿಯವರು ಸ್ಟಾಪ್‌ವಾಚ್ ಹಿಡಿದು ಏನೋ ಬರೆದುಕೊಳ್ಳುತ್ತಾರೆ, ವರದಿಯಲ್ಲಿ ಯಾವುದೋ ಅಂಕ ಇರುತ್ತದೆ, ಅದು ಹೆಚ್ಚಾದರೆ ಖುಷಿಪಡಬೇಕೋ ಬೇಡವೋ ಗೊತ್ತಾಗುವುದಿಲ್ಲ. ಮನೆಯವರಿಗೆ, ಮಾಜಿ ಸೈನಿಕರಿಗೆ, ಫಿಸಿಯೊಥೆರಪಿ ಓದುತ್ತಿರುವ ಹುಡುಗ ಹುಡುಗಿಯರಿಗೆ ಎಂದು ಈ ಪುಟ.

ಕೃತಕ ಕಾಲು ಹಾಕಿಕೊಂಡು ಚೆನ್ನಾಗಿಯೇ ನಡೆಯುತ್ತಿದ್ದಾರಲ್ಲ, ಇನ್ನೇನು ಅಳೆಯುವುದು?

'ಚೆನ್ನಾಗಿ' ಎಂಬುದು ನೋಡುವವರ ಕಣ್ಣಿಗೆ ಬಿಟ್ಟ ಮಾತು. ಆಸ್ಪತ್ರೆಯ ಕಾರಿಡಾರಿನಲ್ಲಿ ಕುಂಟದೆ ನಡೆಯುವವರು ಬಸ್ಸಿನ ಮೊದಲ ಮೆಟ್ಟಿಲ ಮುಂದೆ ತಡಬಡಾಯಿಸುವುದುಂಟು. ಕುಂಟುತ್ತಲೇ ದಿನಕ್ಕೆ ನಾಲ್ಕು ಸಲ ತೋಟದ ಇಳಿಜಾರು ಹತ್ತಿ ಇಳಿಯುವವರೂ ಇದ್ದಾರೆ. ನಡಿಗೆ ನೋಡಲು ಎಷ್ಟು ಚೆಂದ ಎನ್ನುವುದು ಒಂದು ವಿಷಯ, ಆ ಕಾಲಿನಿಂದ ಎಷ್ಟು ಕೆಲಸ ಆಗುತ್ತದೆ ಎನ್ನುವುದು ಇನ್ನೊಂದು. ಓಡಾಟದ ಪರೀಕ್ಷೆಗಳು ಎರಡನೆಯದನ್ನು ಹಿಡಿಯುತ್ತವೆ: ದೂರ, ವೇಗ, ಸಮತೋಲ, ದಿಕ್ಕು ಬದಲಿಸುವ ಚುರುಕು.

ಉಪಯೋಗವೂ ನೇರವಾದದ್ದೇ. ಯಾವ ಪಾದ, ಯಾವ ಮಂಡಿ ಜೋಡಿಸಬೇಕು, ವ್ಯಾಯಾಮ ಫಲ ಕೊಡುತ್ತಿದೆಯೇ, ಬೀಳುವ ಅಪಾಯ ಇದೆಯೇ ಎಂದು ತೀರ್ಮಾನಿಸಲು ಒಂದು ಆಧಾರ ಸಿಗುತ್ತದೆ. 'ಪರವಾಗಿಲ್ಲ, ಇಂಪ್ರೂವ್ ಆಗಿದೆ' ಎಂಬ ಮಾತನ್ನು ನಂಬಿಕೊಂಡು ಆರು ತಿಂಗಳು ಕಳೆಯಬೇಕಾಗಿಲ್ಲ.

ಅಂಗವೈಕಲ್ಯದ ಸರ್ಟಿಫಿಕೇಟ್‌ನಲ್ಲಿ ಶೇಕಡಾ ಇಷ್ಟು ಎಂದು ಬರೆದಿದೆ. ಅದು ಸಾಲದೇ?

ಪಿಂಚಣಿ, ರಿಯಾಯಿತಿ, ಮೀಸಲಾತಿಗೆ ಅದು ಬೇಕೇ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಶೇ 40 ಎಂಬ ಗಡಿಗೆ ತುಂಬಾ ಮಹತ್ವವಿದೆ. ಆದರೆ ಕಾಲು ತೆಗೆದವರಿಗೆ ಆ ಶೇಕಡಾವಾರು ಬರುವುದು ಮುಖ್ಯವಾಗಿ ಕಾಲನ್ನು ಎಲ್ಲಿ ಕತ್ತರಿಸಿದ್ದಾರೆ ಎಂಬುದರ ಮೇಲೆ. ಸೊಂಟಕ್ಕೆ ಹತ್ತಿರವಾದಷ್ಟೂ ಸಂಖ್ಯೆ ದೊಡ್ಡದು. ಒಂದೇ ಜಾಗದಲ್ಲಿ ಕಾಲು ತೆಗೆಸಿಕೊಂಡ ಇಬ್ಬರಿಗೆ ಒಂದೇ ಶೇಕಡಾ ಸಿಕ್ಕಿರುತ್ತದೆ, ಅವರಲ್ಲಿ ಒಬ್ಬ ಮ್ಯಾರಥಾನ್ ಓಡುತ್ತಿರುತ್ತಾನೆ, ಇನ್ನೊಬ್ಬ ಮನೆಯ ಹೊಸ್ತಿಲು ದಾಟಲು ಗೋಡೆ ಹಿಡಿಯುತ್ತಿರುತ್ತಾನೆ. ಎಷ್ಟು ಹೋಯಿತು ಎಂಬ ಲೆಕ್ಕ ಸರ್ಟಿಫಿಕೇಟ್‌ನಲ್ಲಿದೆ. ಉಳಿದದ್ದರಲ್ಲಿ ಏನು ಸಾಧ್ಯ ಎಂಬುದಕ್ಕೆ ಬೇರೆ ಅಳತೆ ಬೇಕು. ಇವೆರಡನ್ನೂ ಕಲಸಿಬಿಡುವುದರಿಂದ ಒಂದು ಕೆಟ್ಟ ಭಯ ಹುಟ್ಟುತ್ತದೆ: 'ಪರೀಕ್ಷೆಯಲ್ಲಿ ಚೆನ್ನಾಗಿ ಓಡಿಬಿಟ್ಟರೆ ಪಿಂಚಣಿ ಕಡಿಮೆ ಮಾಡುತ್ತಾರಾ?' ಚೇತರಿಕೆಗಾಗಿ ನಡೆಸುವ ಪರೀಕ್ಷೆಯ ಉದ್ದೇಶ ಅದಲ್ಲ. ಅಲ್ಲಿ ಬೇಕೆಂದೇ ನಿಧಾನ ಮಾಡಿದರೆ ನಷ್ಟ ನಿಮಗೇ. ತೀರಾ ಮಾಮೂಲಿ ಪಾದ ಕೈಗೆ ಬರುತ್ತದೆ.

ಸೈನಿಕರಿಗೆ ಬೇರೆ ಪರೀಕ್ಷೆ ಏಕೆ? ಕಾಲು ಕಳೆದುಕೊಂಡವರೆಲ್ಲ ಒಂದೇ ಅಲ್ಲವೇ?

ಅಲ್ಲ. ಸಾಮಾನ್ಯ ಆಸ್ಪತ್ರೆಗಳಲ್ಲಿ ಕಾಲು ತೆಗೆಸಿಕೊಳ್ಳುವವರಲ್ಲಿ ಸಕ್ಕರೆ ಕಾಯಿಲೆ, ರಕ್ತನಾಳದ ತೊಂದರೆ ಇರುವ ವಯಸ್ಸಾದವರು ಬಹಳ. ಹೃದಯ, ಮೂತ್ರಪಿಂಡ, ಕಣ್ಣು ಎಲ್ಲವೂ ಸ್ವಲ್ಪ ಸ್ವಲ್ಪ ಕೈಕೊಟ್ಟಿರುತ್ತವೆ. ನೆಲಬಾಂಬ್ ಸಿಡಿದು ಕಾಲು ಹೋದ ಸೈನಿಕನಿಗೆ ವಯಸ್ಸು ಇಪ್ಪತ್ತೈದೋ ಮೂವತ್ತೋ, ಹಿಂದಿನ ದಿನದವರೆಗೂ ಬೆನ್ನಿಗೆ ಭಾರ ಹೊತ್ತು ಗುಡ್ಡ ಹತ್ತುತ್ತಿದ್ದವನು. ಮೊದಲ ಗುಂಪಿಗೆಂದು ಮಾಡಿದ ಪರೀಕ್ಷೆಯನ್ನು ಈತನಿಗೆ ಕೊಟ್ಟರೆ ಕೆಲವೇ ತಿಂಗಳಲ್ಲಿ ಪೂರ್ತಿ ಅಂಕ ಬಂದುಬಿಡುತ್ತದೆ. ಅಲ್ಲಿಂದಾಚೆ ಎಷ್ಟೇ ಸುಧಾರಿಸಿದರೂ ಅಂಕ ಮೇಲೆ ಹೋಗುವುದಿಲ್ಲ.

ಇರಾಕ್, ಅಫ್ಘಾನಿಸ್ತಾನ ಯುದ್ಧಗಳ ಕಾಲದಲ್ಲಿ ಅಮೆರಿಕದ ಸೇನೆಗೆ ಎದುರಾದ ತೊಡಕು ಇದೇ. ಆ ಯುದ್ಧಗಳಲ್ಲಿ 1,500ಕ್ಕೂ ಹೆಚ್ಚು ಅಮೆರಿಕನ್ ಯೋಧರು ಕೈ ಅಥವಾ ಕಾಲು ಕಳೆದುಕೊಂಡರು. ವಾಲ್ಟರ್ ರೀಡ್ ಆಸ್ಪತ್ರೆ, ಸ್ಯಾನ್ ಆಂಟೋನಿಯೊದಲ್ಲಿ 2007ರಲ್ಲಿ ತೆರೆದ ಸೆಂಟರ್ ಫಾರ್ ದಿ ಇಂಟ್ರೆಪಿಡ್ ಎಂಬ ಪುನಶ್ಚೇತನ ಕೇಂದ್ರ ಮುಂತಾದ ಕಡೆ ಇವರು ಓಡಲು, ಜಿಗಿಯಲು, ಕೆಲವರು ಮತ್ತೆ ಘಟಕಕ್ಕೆ ಮರಳಲು ತಯಾರಾಗುತ್ತಿದ್ದರು. ಅದನ್ನು ಹಿಡಿದಿಡುವ ಅಳತೆಗೋಲು ಮಾತ್ರ ಇರಲಿಲ್ಲ.

ಹಾಗಾದರೆ 'ಚಾಂಪ್' ಎಂಬ ಪರೀಕ್ಷೆ ಏನು?

ಆ ಕೊರತೆ ತುಂಬಲು ಮಯಾಮಿ ವಿಶ್ವವಿದ್ಯಾಲಯದ ರಾಬರ್ಟ್ ಗೇಯ್ಲಿ ಮತ್ತು ಅವರ ಜೊತೆಗಾರರು ಸೇನಾ ಆಸ್ಪತ್ರೆಗಳೊಂದಿಗೆ ಸೇರಿ ರೂಪಿಸಿ 2013ರಲ್ಲಿ ಪ್ರಕಟಿಸಿದ ಪರೀಕ್ಷೆ. ಪೂರ್ತಿ ಹೆಸರು ಕಾಂಪ್ರಹೆನ್ಸಿವ್ ಹೈ-ಲೆವೆಲ್ ಆ್ಯಕ್ಟಿವಿಟಿ ಮೊಬಿಲಿಟಿ ಪ್ರಿಡಿಕ್ಟರ್. ಒಳಗೆ ನಾಲ್ಕು ಭಾಗಗಳಿವೆ. ಅವುಗಳಲ್ಲಿ ಮೂರನ್ನು ತೆಗೆದುಕೊಂಡದ್ದು ಆಟದ ಮೈದಾನದಿಂದ. ಆರೋಗ್ಯವಂತ ಕ್ರೀಡಾಪಟುಗಳ ಚುರುಕುತನ ನೋಡಲು ಕೋಚ್‌ಗಳು ಬಳಸುತ್ತಿದ್ದ ಪರೀಕ್ಷೆಗಳನ್ನೇ ಕೃತಕ ಕಾಲಿನ ಸೈನಿಕರ ಮುಂದಿಟ್ಟರು. ನನಗೆ ಈ ಪರೀಕ್ಷೆಯಲ್ಲಿ ಹಿಡಿಸಿದ್ದು ಈ ಧೈರ್ಯವೇ.

ಮೊದಲನೆಯದು ಒಂಟಿ ಕಾಲಿನ ಮೇಲೆ ನಿಲ್ಲುವುದು. ಗರಿಷ್ಠ 30 ಸೆಕೆಂಡ್. ಕೃತಕ ಕಾಲಿನ ಮೇಲೆ ನಿಂತಾಗ ಮೂರ್ನಾಲ್ಕು ಸೆಕೆಂಡಿಗೇ ತೂಗಾಡುವವರು ಹೆಚ್ಚು. ಪಾದದಿಂದ ನೆಲದ ಸುಳಿವು ಸಿಗುವುದಿಲ್ಲ, ಕಣಕಾಲು ತಿರುಗಿಸಿ ಸರಿಪಡಿಸಿಕೊಳ್ಳಲು ಕಣಕಾಲೇ ಇಲ್ಲ, ಎಲ್ಲವನ್ನೂ ಸೊಂಟವೇ ಸಂಭಾಳಿಸಬೇಕು.

ಎರಡನೆಯದು ಎಡ್ಗ್ರೆನ್ ಪಕ್ಕಹೆಜ್ಜೆ. 4 ಮೀಟರ್ ಉದ್ದದ ಜಾಗ, ಮೀಟರಿಗೊಂದು ಗುರುತು. 10 ಸೆಕೆಂಡಿನಲ್ಲಿ ಅತ್ತಿಂದಿತ್ತ ಏಡಿಯಂತೆ ಸರಿಯುತ್ತಾ ಎಷ್ಟು ಗುರುತು ದಾಟಿದಿರಿ ಎಂಬುದೇ ಲೆಕ್ಕ.

ಮೂರನೆಯದು ಟಿ-ಟೆಸ್ಟ್. ಕೋನ್‌ಗಳನ್ನು ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ಇಟ್ಟಿರುತ್ತಾರೆ. 10 ಮೀಟರ್ ನೇರ ಓಡಿ, ಎಡಕ್ಕೆ 5 ಮೀಟರ್ ಪಕ್ಕಹೆಜ್ಜೆ, ಅಲ್ಲಿಂದ ಬಲಕ್ಕೆ 10, ಮತ್ತೆ ನಡುವಿನ ಕೋನ್‌ಗೆ 5, ಕೊನೆಗೆ 10 ಮೀಟರ್ ಹಿಮ್ಮುಖವಾಗಿ ಬಂದು ಮುಟ್ಟಬೇಕು. ಒಟ್ಟು 40 ಮೀಟರ್. ನೋಡುತ್ತಾ ನಿಂತರೆ ಕೃತಕ ಕಾಲಿನವರಿಗೆ ಎಲ್ಲಿ ಕಷ್ಟ ಎಂಬುದು ಇಲ್ಲಿ ಬಿಡಿಸಿಟ್ಟಂತೆ ಕಾಣುತ್ತದೆ. ನೇರ ಓಟದಲ್ಲಿ ಸೊಗಸಾಗಿ ಹೋದವರು ಕೋನ್ ಹತ್ತಿರ ಬ್ರೇಕ್ ಹಾಕುವಾಗ ಒಳ್ಳೆಯ ಕಾಲನ್ನೇ ಊರುತ್ತಾರೆ. ಕೃತಕ ಕಾಲಿನ ಕಡೆಗೆ ಪಕ್ಕಹೆಜ್ಜೆ ಹಾಕುವಾಗ ಮೈ ಆ ಕಡೆ ವಾಲುತ್ತದೆ. ಹಿಮ್ಮುಖ ಬರುವಾಗ ಹೆಜ್ಜೆಗಳು ಗಿಡ್ಡವಾಗುತ್ತವೆ. ತೊಡೆಯ ಮಟ್ಟದಲ್ಲಿ ಕಾಲು ತೆಗೆದವರಾದರೆ, ಭಾರ ಬಿದ್ದಾಗ ಕೃತಕ ಮಂಡಿ ಮಡಚಿಕೊಂಡೀತೆಂಬ ಅಳುಕು ಮುಖದಲ್ಲೇ ಗೊತ್ತಾಗುತ್ತದೆ. ಸಮಯ ಬರೆದುಕೊಂಡು ಸುಮ್ಮನಾಗುವ ಫಿಸಿಯೊಥೆರಪಿಸ್ಟ್ ಅರ್ಧ ಮಾಹಿತಿಯನ್ನು ಅಲ್ಲೇ ಬಿಟ್ಟು ಬಂದ ಹಾಗೆ.

ನಾಲ್ಕನೆಯದು ಇಲಿನಾಯ್ ಆ್ಯಜಿಲಿಟಿ ಟೆಸ್ಟ್. 10 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗದ ನಡುವೆ ಸಾಲಾಗಿಟ್ಟ ಕೋನ್‌ಗಳ ಸಂದಿಯಲ್ಲಿ ಹಾವಿನಂತೆ ನುಸುಳಿ ಓಡಿ ಹೊರಬರಬೇಕು.

ಪ್ರತಿ ಭಾಗಕ್ಕೂ 0ಯಿಂದ 10, ಒಟ್ಟು 40 ಅಂಕ.

40ರಲ್ಲಿ ಎಷ್ಟು ಬಂದರೆ ಒಳ್ಳೆಯದು?

ಮೂಲ ಅಧ್ಯಯನದಲ್ಲಿ ಕಾಲು ಕಳೆದುಕೊಂಡ 118 ಯೋಧರು ಪರೀಕ್ಷೆ ಮುಗಿಸಿದರು. 33 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಎರಡೂ ಕಾಲು ಸರಿಯಿರುವ ಸೈನಿಕರ ವ್ಯಾಪ್ತಿಯೊಳಗೇ ಬಂದಂತೆ ಎಂದು ಅಲ್ಲಿ ಕಂಡುಬಂತು. ಇದು ಅಮೆರಿಕದ ತರುಣ ಸೈನಿಕರ ಲೆಕ್ಕ ಎಂಬುದನ್ನು ಮರೆಯಬೇಡಿ. ಮಂಡಿಯ ಕೆಳಗೆ ಒಂದೇ ಕಾಲು ಹೋದವರು ಆ ಕಡೆ ಕಣ್ಣಿಡಬಹುದು. ತೊಡೆಯ ಮಟ್ಟದಲ್ಲಿ ಎರಡೂ ಕಾಲು ಹೋದವರಿಗೆ 33 ತೋರಿಸಿ ನಿರಾಸೆ ಮಾಡುವುದರಲ್ಲಿ ಅರ್ಥವಿಲ್ಲ. ಅವರು ತಮ್ಮ ಹಿಂದಿನ ಅಂಕದ ಜೊತೆ ಹೋಲಿಸಿಕೊಂಡರೆ ಸಾಕು.

ಕೃತಕ ಕಾಲು ಇನ್ನೂ ಬಂದೇ ಇಲ್ಲ. ಈಗಲೇ ಏನಾದರೂ ಅಳೆಯಬಹುದೇ?

ಅಳೆಯಬಹುದು, ಅಳೆಯಲೇಬೇಕು. ಗೇಯ್ಲಿ ಅವರ ತಂಡವೇ 2002ರಲ್ಲಿ ಪ್ರಕಟಿಸಿದ ಆ್ಯಂಪ್ಯುಟಿ ಮೊಬಿಲಿಟಿ ಪ್ರಿಡಿಕ್ಟರ್ ಎಂಬುದಿದೆ. ಎಲ್ಲರೂ ಚಿಕ್ಕದಾಗಿ 'ಎಎಂಪಿ' ಎನ್ನುತ್ತಾರೆ. ಕುರ್ಚಿಯಲ್ಲಿ ಬ್ಯಾಲೆನ್ಸ್ ಇಟ್ಟು ಕೂರುವುದು, ಕೈ ಚಾಚುವುದು, ಎದ್ದು ನಿಲ್ಲುವುದು, ಎದೆಗೆ ಮೆಲ್ಲಗೆ ತಳ್ಳಿದಾಗ ತಡೆದುಕೊಳ್ಳುವುದು, ನೆಲದಿಂದ ವಸ್ತು ಎತ್ತುವುದು, ಅಡ್ಡಿ ದಾಟುವುದು, ಮೆಟ್ಟಿಲು ಹತ್ತುವುದು ಹೀಗೆ 21 ಅಂಶಗಳು. ಕೃತಕ ಕಾಲು ಹಾಕಿಕೊಂಡು ಮಾಡಿದರೆ ಗರಿಷ್ಠ 47, ಇಲ್ಲದೆ ಮಾಡಿದರೆ 43. ದುಬಾರಿ ಸಲಕರಣೆ ಏನೂ ಬೇಡ. ಒಂದು ಕುರ್ಚಿ, ಟೇಪು, ಸ್ಟಾಪ್‌ವಾಚ್ ಮುಂತಾದವು ಸಾಕು, ಹೆಚ್ಚೆಂದರೆ ಕಾಲು ಗಂಟೆ.

ಕಾಲು ಜೋಡಿಸುವ ಮೊದಲೇ ಮುಂದೆ ಎಷ್ಟು ಓಡಾಡಬಲ್ಲರು ಎಂಬ ಅಂದಾಜು ಇದರಿಂದ ಸಿಗುತ್ತದೆ. ನಮ್ಮಲ್ಲಿ ಇದನ್ನು ಇನ್ನೂ ಹೆಚ್ಚು ಬಳಸಬೇಕಿತ್ತು ಎಂಬುದು ನನ್ನ ಅನಿಸಿಕೆ. ಅಳತೆ ತೆಗೆದು ಕಾಲು ಕೊಟ್ಟು ಕಳಿಸುವ ಶಿಬಿರಗಳಲ್ಲಂತೂ ಇಂಥ ಕಾಲು ಗಂಟೆ ಬಹಳ ಉಳಿತಾಯ ಮಾಡೀತು.

ಕೆ-ಲೆವೆಲ್ ಎಂದು ಬರೆದಿದ್ದಾರೆ. ಏನದು?

ಅಮೆರಿಕದ ಮೆಡಿಕೇರ್ ವಿಮೆಯವರು ಯಾರಿಗೆ ಯಾವ ದರ್ಜೆಯ ಕೃತಕ ಕಾಲಿಗೆ ಹಣ ಕೊಡಬೇಕೆಂದು ಮಾಡಿಕೊಂಡ ವಿಂಗಡಣೆ. ಕೆ-0 ಎಂದರೆ ಕೃತಕ ಕಾಲಿನಿಂದ ಓಡಾಟಕ್ಕೆ ಪ್ರಯೋಜನವಿಲ್ಲ, ಕೆ-1 ಮನೆಯೊಳಗೆ ಓಡಾಡುವವರು, ಕೆ-2 ಹೊರಗೆ ಸ್ವಲ್ಪ ಮಟ್ಟಿಗೆ, ಕೆ-3 ಬೇಕಾದ ವೇಗದಲ್ಲಿ ಎಲ್ಲ ಕಡೆ, ಕೆ-4 ಓಟ, ಆಟ, ಭಾರಿ ಕೆಲಸ. ಎಎಂಪಿ ಅಂಕವನ್ನು ಇದಕ್ಕೆ ತಾಳೆ ಹಾಕುತ್ತಾರೆ: ಕೃತಕ ಕಾಲು ಹಾಕಿದಾಗ 37ರಿಂದ 42 ಬಂದರೆ ಕೆ-3, 43 ಅಥವಾ ಹೆಚ್ಚು ಬಂದರೆ ಕೆ-4. ಗಾಯ ಮಾಗಿದ ತರುಣ ಸೈನಿಕರಲ್ಲಿ ಹಲವರು ಕೆ-4ಕ್ಕೆ ಬಂದು ನಿಲ್ಲುತ್ತಾರೆ. ಅವರ ನಡುವಿನ ವ್ಯತ್ಯಾಸ ಕಾಣಲು ಚಾಂಪ್ ಬೇಕಾಗುವುದು ಅಲ್ಲಿಂದ ಮುಂದಕ್ಕೆ.

ಆರು ನಿಮಿಷದ ನಡಿಗೆಯಲ್ಲಿ ಏನು ನೋಡುತ್ತಾರೆ?

ಆರು ನಿಮಿಷದಲ್ಲಿ ಎಷ್ಟು ದೂರ ನಡೆದಿರಿ ಎಂದು. ಸಾಮಾನ್ಯವಾಗಿ 30 ಮೀಟರ್ ಕಾರಿಡಾರಿನಲ್ಲಿ ಹೋಗಿ ಬಂದು ಮಾಡಿಸುತ್ತಾರೆ. ಓಡುವಂತಿಲ್ಲ, ಸುಸ್ತಾದರೆ ನಿಂತು ಸುಧಾರಿಸಿಕೊಳ್ಳಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಹೃದಯ, ಶ್ವಾಸಕೋಶ, ಸಾಕೆಟ್‌ನ (ಉಳಿದ ಕಾಲು ಕೂರುವ ಕೃತಕ ಕಾಲಿನ ಬಟ್ಟಲು) ಹಿತ, ತೊಡೆಯ ಬಲ ಎಲ್ಲ ಸೇರಿ ಒಂದು ಸಂಖ್ಯೆಯಾಗಿ ಹೊರಬರುತ್ತದೆ.

ಪಕ್ಕದಲ್ಲಿ ನಡೆಯುತ್ತಾ 'ಬನ್ನಿ ಸರ್, ಬೇಗ ಬೇಗ' ಎಂದು ಹುರಿದುಂಬಿಸಿದರೆ ಫಲಿತಾಂಶ ಕೆಡುತ್ತದೆ. ಹೇಳಬೇಕಾದ ಮಾತುಗಳೂ ಅವನ್ನು ಹೇಳುವ ಸಮಯವೂ ಮೊದಲೇ ಗೊತ್ತುಮಾಡಿದವು. ಪಕ್ಕದಲ್ಲಿ ಜೊತೆಗೆ ನಡೆದರೂ ನಿಮ್ಮ ವೇಗವೇ ಅವರ ವೇಗವಾಗಿಬಿಡುತ್ತದೆ, ಒಂದು ಹೆಜ್ಜೆ ಹಿಂದೆ ಇರಬೇಕು. ಸೈನಿಕರ ವಿಷಯದಲ್ಲಿ ಇನ್ನೊಂದು ಕಿವಿಮಾತು: ಇವರು ನೋವು ಹೇಳುವುದಿಲ್ಲ. ಮುಗಿದ ಮೇಲೆ ಲೈನರ್ (ಸಾಕೆಟ್ ಒಳಗೆ ತೊಡುವ ಮೆತ್ತನೆಯ ಹೊದಿಕೆ) ಬಿಚ್ಚಿಸಿ ಸ್ಟಂಪ್ (ಕತ್ತರಿಸಿದ ಮೇಲೆ ಉಳಿದ ಕಾಲಿನ ಭಾಗ) ಕೆಂಪಾಗಿದೆಯೇ, ಗುಳ್ಳೆ ಎದ್ದಿದೆಯೇ ಎಂದು ಕಣ್ಣಾರೆ ನೋಡಿ.

ಹೋದ ಸಲ 380 ಮೀಟರ್, ಈ ಸಲ 410. ಸುಧಾರಿಸಿದೆ ತಾನೇ?

ಇರಬಹುದು, ಖಚಿತವಾಗಿ ಹೇಳಲಾಗದು. ಒಬ್ಬರೇ ವ್ಯಕ್ತಿ, ಏನೂ ಬದಲಾಗದೆ, ಬೇರೆ ದಿನ ನಡೆದರೂ ದೂರ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಆ ಸಹಜ ಏರಿಳಿತಕ್ಕಿಂತ ಬದಲಾವಣೆ ದೊಡ್ಡದಾಗಿದ್ದರೆ ಮಾತ್ರ ನಿಜವಾದ ಬದಲಾವಣೆ ಎನ್ನಬಹುದು. ಕಾಲು ಕಳೆದುಕೊಂಡವರ ಮೇಲೆ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಗಡಿಗಳನ್ನು ಕೊಟ್ಟಿದೆ: ಆರು ನಿಮಿಷದ ನಡಿಗೆಗೆ 45 ಮೀಟರ್, ಎರಡು ನಿಮಿಷದ ನಡಿಗೆಗೆ ಸುಮಾರು 34 ಮೀಟರ್, ಎದ್ದು ನಡೆದು ಬರುವ ಟಗ್ ಪರೀಕ್ಷೆಗೆ 3.6 ಸೆಕೆಂಡ್, ಎಎಂಪಿಗೆ 3.4 ಅಂಕ.

ನಿಮ್ಮ 30 ಮೀಟರ್ ಏರಿಕೆ 45ರೊಳಗೇ ಇದೆ. ಹಾಗೆಂದು ಬೇಸರ ಬೇಡ, ಇದೇ ದಿಕ್ಕಿನಲ್ಲಿ ಮುಂದಿನ ಸಲ 430 ಬಂದರೆ ಲೆಕ್ಕ ಗಟ್ಟಿಯಾಗುತ್ತದೆ. ಇಳಿಕೆಗೂ ಇದೇ ನಿಯಮ. 20 ಮೀಟರ್ ಕಡಿಮೆಯಾಯಿತೆಂದು ಇಡೀ ಮನೆ ಕಂಗಾಲಾಗಬೇಕಿಲ್ಲ.

ನಮ್ಮ ತಂದೆ ಹಳೆಯ ಯೋಧರು, ವಯಸ್ಸು ಎಪ್ಪತ್ತು ದಾಟಿದೆ. ಅವರಿಗೂ ಕೋನ್ ಸುತ್ತ ಓಡಿಸುತ್ತಾರಾ?

ಖಂಡಿತ ಬೇಡ. 1971ರ ಯುದ್ಧದಲ್ಲಿ ಕಾಲು ಹೋದವರು ಈಗ ಅಜ್ಜಂದಿರು. ಅರ್ಧ ಶತಮಾನ ಒಂದು ಕಾಲಿನ ಮೇಲೆ ಹೆಚ್ಚು ಭಾರ ಹಾಕಿದ್ದರಿಂದ ಆ ಒಳ್ಳೆಯ ಕಾಲಿನ ಮಂಡಿಯೂ ಸವೆದಿರುತ್ತದೆ. ಇವರಿಗೆ ಟಗ್ ಸರಿಯಾದ ಪರೀಕ್ಷೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರುವುದು, ಅಷ್ಟೇ. ಮಂಡಿಯ ಕೆಳಗೆ ಒಂದು ಕಾಲು ತೆಗೆದವರ ಮೇಲಿನ 2007ರ ಅಧ್ಯಯನದಲ್ಲಿ, 19 ಸೆಕೆಂಡ್ ಅಥವಾ ಹೆಚ್ಚು ತೆಗೆದುಕೊಂಡವರು ಪದೇ ಪದೇ ಬೀಳುವ ಸಂಭವ ಜಾಸ್ತಿ ಎಂದು ಕಂಡಿತು. ಸಮಯಕ್ಕಿಂತ ಹೆಚ್ಚಾಗಿ ತಿರುಗುವ ಜಾಗವನ್ನು ನೋಡಿ. ಬೀಳುವವರು ಬೀಳುವುದು ಸಾಮಾನ್ಯವಾಗಿ ಅಲ್ಲಿ.

ಬೆಳಿಗ್ಗೆ ಚೆನ್ನಾಗಿ ಮಾಡಿದರು, ಸಂಜೆ ಮಾಡಿಸಿದಾಗ ಅಂಕ ಕಡಿಮೆ ಬಂತು. ಪರೀಕ್ಷೆಯೇ ಸರಿಯಿಲ್ಲವೇ?

ಸಾಕೆಟ್ ನೋಡಿ ಮೊದಲು. ಸ್ಟಂಪ್ ದಿನದಲ್ಲಿ ಸ್ವಲ್ಪ ಕುಗ್ಗುತ್ತದೆ, ಬೆಳಿಗ್ಗೆ ಬಿಗಿಯಾಗಿದ್ದ ಸಾಕೆಟ್ ಸಂಜೆಗೆ ಸಡಿಲ. ಸ್ಟಂಪ್ ಸಾಕ್ಸ್ ಒಂದು ಪದರ ಹೆಚ್ಚಿಸಿದರೆ ಅಂಕ ವಾಪಸ್ ಬರುವುದೂ ಉಂಟು. ಹೊಸ ಪಾದವೋ ಹೊಸ ಮಂಡಿಯೋ ಹಾಕಿಸಿಕೊಂಡು ಮರುದಿನವೇ ಪರೀಕ್ಷೆ ಮಾಡಿಸಿದರೂ ಹೀಗೆ ಆಗುತ್ತದೆ, ಒಗ್ಗಿಕೊಳ್ಳಲು ವಾರಗಳು ಬೇಕು. ಆದ್ದರಿಂದ ಅಂಕದ ಪಕ್ಕದಲ್ಲಿ ಹೊತ್ತು, ಕೃತಕ ಕಾಲಿನ ಬಗೆ, ಶೂ ಯಾವುದು, ಕೋಲು ಹಿಡಿದಿದ್ದರೇ ಎಂಬುದೆಲ್ಲ ಬರೆದಿರಬೇಕು. ಇವಿಲ್ಲದ ಅಂಕ ಮುಂದಿನ ಸಲ ಹೋಲಿಕೆಗೆ ಬರುವುದಿಲ್ಲ.

ಮಂಡಿ ಉಳಿದರೆ ಅಷ್ಟೊಂದು ವ್ಯತ್ಯಾಸವೇ?

ತುಂಬಾ. ಮಂಡಿಯ ಕೆಳಗೆ ಒಂದೇ ಕಾಲು ತೆಗೆದ, ಒಳ್ಳೆಯ ತರಬೇತಿ ಸಿಕ್ಕ ಬ್ರಿಟಿಷ್ ಸೈನಿಕರು ನಡೆಯಲು ಖರ್ಚುಮಾಡುವ ಶಕ್ತಿ ಆರೋಗ್ಯವಂತರ ಹತ್ತಿರಕ್ಕೇ ಬರುತ್ತದೆಂದು ಹೆಡ್ಲಿ ಕೋರ್ಟ್ ಪುನಶ್ಚೇತನ ಕೇಂದ್ರದವರ ಮೇಲೆ ನಡೆದ ಅಧ್ಯಯನ 2017ರಲ್ಲಿ ತೋರಿಸಿತು. ತೊಡೆಯ ಮಟ್ಟದಲ್ಲಿ ಹೋದವರಿಗೆ ಖರ್ಚು ಏರುತ್ತದೆ, ಎರಡೂ ತೊಡೆಗಳಾದರೆ ಮತ್ತೂ ಬಹಳ. ಅಂಥವರು ಆರು ನಿಮಿಷ ನಡೆದು ಬೆವರಿನಲ್ಲಿ ತೊಯ್ದರೆ ಸೋಮಾರಿತನ ಎಂದುಕೊಳ್ಳಬೇಡಿ.

ಚಕ್ಕಳ ಮಕ್ಕಳ ಹಾಕಿ ಕೂರುವುದು, ಇಂಡಿಯನ್ ಟಾಯ್ಲೆಟ್ಟು, ಗದ್ದೆಯ ಬದುವಿನ ಮೇಲೆ ನಡೆಯುವುದು, ಇದನ್ನೆಲ್ಲ ಯಾವ ಪರೀಕ್ಷೆ ಅಳೆಯುತ್ತದೆ?

ಮೇಲೆ ಹೇಳಿದ ಯಾವುದೂ ಅಳೆಯುವುದಿಲ್ಲ. ಈ ಪರೀಕ್ಷೆಗಳ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಅವು ಹುಟ್ಟಿದ್ದು ಕುರ್ಚಿ, ಕಮೋಡು, ಶೂ ಇರುವ ನಾಡಿನಲ್ಲಿ. ಟಿ-ಟೆಸ್ಟ್‌ನಲ್ಲಿ ಮಿಂಚಿದ ಹವಾಲ್ದಾರರು ಊರಿಗೆ ಬಂದು ಮದುವೆ ಮನೆಯ ಪಂಕ್ತಿಯಲ್ಲಿ ನೆಲದ ಮೇಲೆ ಕೂರಲಾಗದೆ ಗೋಡೆಗೊರಗಿ ನಿಂತಿರುತ್ತಾರೆ. ದೇವಸ್ಥಾನದೊಳಗೆ ಶೂ ಬಿಚ್ಚಿದ ಕೂಡಲೇ ಹಿಮ್ಮಡಿಯ ಎತ್ತರ ಬದಲಾಗಿ ಮೈ ಹಿಂದಕ್ಕೆ ಜಗ್ಗಿದಂತಾಗುತ್ತದೆ, ಏಕೆಂದರೆ ಆ ಪಾದವನ್ನು ಶೂ ಲೆಕ್ಕಕ್ಕೆ ಹೊಂದಿಸಿರುತ್ತಾರೆ. 1960ರ ದಶಕದ ಕೊನೆಯಲ್ಲಿ ಜೈಪುರದಲ್ಲಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಥಿ ರಬ್ಬರಿನ ಪಾದ ಮಾಡಿದ್ದೇ ಬರಿಗಾಲಿನ ನಡಿಗೆ, ಕುಕ್ಕರಗಾಲಿನ ಕೂರುವಿಕೆ, ಕೆಸರಿನ ನೆಲಕ್ಕಾಗಿ.

ಒಂದು ಪ್ರಮಾಣಿತ ಪರೀಕ್ಷೆಯ ಜೊತೆಗೆ ಮನೆಗೆ ಬೇಕಾದ ನಾಲ್ಕು ಕೆಲಸಗಳನ್ನು ನೀವೇ ಪಟ್ಟಿ ಮಾಡಿ ಫಿಸಿಯೊಥೆರಪಿಸ್ಟ್ ಕೈಗೆ ಕೊಡಿ. ನೆಲದಿಂದ ಏಳಲು ಎಷ್ಟು ಸೆಕೆಂಡ್, ಆಸರೆ ಬೇಕೇ ಬೇಡವೇ ಎಂದು ಬರೆದಿಟ್ಟರೆ ಅದೂ ಅಳತೆಯೇ.

ಪ್ರಶ್ನಾವಳಿ ತುಂಬಿಸಿಕೊಂಡರೆ ಸಾಲದೇ? ಓಡಿಸುವ ಗೋಜು ಏಕೆ?

ಪ್ಲಸ್-ಎಂ ಎಂಬ ಒಳ್ಳೆಯ ಪ್ರಶ್ನಾವಳಿ ಇದೆ, ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮಾಡಿದ್ದು. ಚಿಕ್ಕ ರೂಪದಲ್ಲಿ 12 ಪ್ರಶ್ನೆ, ಇನ್ನೂ ಚಿಕ್ಕದರಲ್ಲಿ 7. ಅಂಕ 50 ಬಂದರೆ ಅದನ್ನು ರೂಪಿಸುವಾಗ ಉತ್ತರಿಸಿದ ಕೃತಕ ಕಾಲಿನವರ ಸರಾಸರಿಯಲ್ಲಿ ಇದ್ದೀರಿ ಎಂದರ್ಥ. ಆದರೆ 'ಕತ್ತಲಲ್ಲಿ ಉಬ್ಬುತಗ್ಗಿನ ಮೇಲೆ ನಡೆಯಬಲ್ಲಿರಾ?' ಎಂದರೆ ಸೈನಿಕರು 'ನೋ ಪ್ರಾಬ್ಲಂ ಸರ್' ಎನ್ನುವ ಜನ. ಎರಡನ್ನೂ ಮಾಡಿಸಿ. ಕಣಕಾಲಿಗೆ ಕಟ್ಟುವ ಹೆಜ್ಜೆ ಎಣಿಸುವ ಯಂತ್ರ ಸಿಕ್ಕರೆ ಇನ್ನೂ ಒಳ್ಳೆಯದು. ಆಸ್ಪತ್ರೆಯಲ್ಲಿ 'ಮಾಡಬಲ್ಲರು', ಮನೆಯಲ್ಲಿ 'ಮಾಡುತ್ತಾರೆ' ಇವೆರಡರ ನಡುವಿನ ಅಂತರ ಅದರಲ್ಲಿ ಬಯಲಾಗುತ್ತದೆ.

ಅಂಕ ಚೆನ್ನಾಗಿ ಬಂದರೆ ಸೇನೆಯಲ್ಲಿ ಮುಂದುವರಿಯಬಹುದೇ?

ಅಂಕವೊಂದೇ ಅದನ್ನು ತೀರ್ಮಾನಿಸುವುದಿಲ್ಲ. ಭಾರತೀಯ ಸೇನೆಯಲ್ಲಿ ವೈದ್ಯಕೀಯ ಮಂಡಳಿ 'ಶೇಪ್' ವರ್ಗೀಕರಣದಂತೆ ದರ್ಜೆ ಕೊಡುತ್ತದೆ. ಅದರಲ್ಲಿ 'ಎ' ಎಂಬುದು ಕೈಕಾಲುಗಳಿಗೆ ಸಂಬಂಧಿಸಿದ್ದು. ದರ್ಜೆ ಕೆಳಗಿಳಿದರೂ ಕೂತು ಮಾಡುವ ಕೆಲಸ, ತರಬೇತಿ ಕೊಡುವ ಕೆಲಸಗಳಲ್ಲಿ ಉಳಿದವರು ಇದ್ದಾರೆ. 1971ರಲ್ಲಿ ಕಾಲು ಕಳೆದುಕೊಂಡ ಇಯಾನ್ ಕಾರ್ಡೋಜೊ ಮುಂದೆ ಬೆಟಾಲಿಯನ್ನನ್ನೂ ಬ್ರಿಗೇಡನ್ನೂ ಮುನ್ನಡೆಸಿ ಮೇಜರ್ ಜನರಲ್ ಆದರು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಆನಂದನ್ ಗುಣಶೇಖರನ್ 2008ರಲ್ಲಿ ನೆಲಬಾಂಬಿಗೆ ಕಾಲು ಕೊಟ್ಟ ಮೇಲೆ ಬ್ಲೇಡ್ (ಓಟಕ್ಕೆಂದೇ ಮಾಡಿದ ಬಾಗಿದ ಕೃತಕ ಪಾದ) ಕಟ್ಟಿ ಓಡಿ ಅಂತರರಾಷ್ಟ್ರೀಯ ಪದಕ ಗೆದ್ದರು. ಇವರ ಕಥೆ ಹೇಳಿ ಎಲ್ಲರನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಮಾತ್ರ ಅನ್ಯಾಯ.

ಭಾರತದಲ್ಲಿ ಸೈನಿಕರಿಗೆ ಕೃತಕ ಕಾಲು ಎಲ್ಲಿ ಸಿಗುತ್ತದೆ?

ಪುಣೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್. 1944ರಿಂದ ಇದೆ. ಜೋಡಣೆ, ನಡಿಗೆಯ ತರಬೇತಿ, ಹಳೆಯದಾದ ಕಾಲಿನ ಬದಲಾವಣೆ ಎಲ್ಲ ಅಲ್ಲಿ. ಕರ್ನಾಟಕದ ಮಾಜಿ ಸೈನಿಕರು ತಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯಲ್ಲಿ ಮೊದಲು ವಿಚಾರಿಸಿದರೆ ಕಾಗದಪತ್ರದ ಓಡಾಟ ತಪ್ಪುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದೇ?

ಟಗ್ ಮಾಡಬಹುದು, ಪಕ್ಕದಲ್ಲಿ ಒಬ್ಬರು ನಿಂತಿರಲಿ, ಕುರ್ಚಿ ಗೋಡೆಗೆ ಒತ್ತಿರಲಿ. ಟೈಲ್ಸ್ ಒದ್ದೆ ಇದ್ದರೆ ಬೇಡ. ಚಾಂಪ್‌ನ ಭಾಗಗಳನ್ನು ವಿಡಿಯೊ ನೋಡಿ ಅಂಗಳದಲ್ಲಿ ಮಾಡಿಸಬೇಡಿ. ಸ್ಟಂಪ್ ಮೇಲೆ ಗಾಯ, ಜ್ವರ, ಎದೆನೋವು, ಹತೋಟಿಗೆ ಬಾರದ ಬಿಪಿ ಇದ್ದರೆ ಯಾವ ಪರೀಕ್ಷೆಯೂ ಬೇಡ. ಹೃದಯಾಘಾತವಾಗಿ ತಿಂಗಳು ಕಳೆಯದಿದ್ದರೆ ಆರು ನಿಮಿಷದ ನಡಿಗೆಯನ್ನು ಆಸ್ಪತ್ರೆಯಲ್ಲೂ ಮಾಡಿಸುವುದಿಲ್ಲ.

ಮುಂದಿನ ಪರೀಕ್ಷೆ ಯಾವಾಗ?

ಕೃತಕ ಕಾಲು ಬರುವ ಮೊದಲು ಒಮ್ಮೆ, ಅದಕ್ಕೆ ಒಗ್ಗಿಕೊಂಡ ಮೇಲೆ ಒಮ್ಮೆ, ಆಮೇಲೆ ಸಾಕೆಟ್, ಪಾದ ಅಥವಾ ಮಂಡಿ ಬದಲಿಸಿದಾಗಲೆಲ್ಲ ಬದಲಿಸುವ ಮುನ್ನ ಒಂದು, ನಂತರ ಒಂದು. ಕಾರಣವಿಲ್ಲದೆ ಬೀಳಲು ಶುರುವಾದರೆ ಕಾಯದೆ ಹೋಗಿ. ವರದಿಯ ಒಂದು ಪ್ರತಿಯನ್ನು ಡಿಸ್ಚಾರ್ಜ್ ಪುಸ್ತಕದ ಜೊತೆ ಮನೆಯಲ್ಲೇ ಇಟ್ಟುಕೊಳ್ಳಿ, ಬೇರೆ ಊರಿನ ಆಸ್ಪತ್ರೆಗೆ ಹೋದಾಗ ಹಳೆಯ ಅಂಕ ಕೇಳುತ್ತಾರೆ.